ಒದ್ದೆ ಸಿಓ2 ಲೈನಿಗೆ ಯಾವ ಪೈಪು? ಮೊದಲು ನೀರು ಎಲ್ಲಿ ಬೀಳುತ್ತದೆ ನೋಡಿ

"ಸಿಓ2 ಲೈನಿಗೆ ಎಂಎಸ್ ಪೈಪು ಸಾಕಾ, ಎಸ್ಎಸ್ ಬೇಕೇ ಬೇಕಾ?" ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಸಿಓ2 ಎಂದರೆ ಕಾರ್ಬನ್ ಡೈಆಕ್ಸೈಡ್ ಅನಿಲ, ಎಂಎಸ್ ಎಂದರೆ ಸಾಮಾನ್ಯ ಕಾರ್ಬನ್ ಸ್ಟೀಲ್, ಎಸ್ಎಸ್ ಎಂದರೆ ಸ್ಟೇನ್‌ಲೆಸ್ ಸ್ಟೀಲ್. ನುಚ್ಚಕ್ಕಿ, ಮೆಕ್ಕೆಜೋಳದಿಂದ ಎಥನಾಲ್ ಮಾಡುವ ಡಿಸ್ಟಿಲರಿಯ ಮೇಂಟೆನೆನ್ಸ್‌ನವರು ಕೇಳುತ್ತಾರೆ. ಗಂಗಾವತಿ, ಸಿಂಧನೂರು ಕಡೆ ಭತ್ತದ ಹುಲ್ಲಿನಿಂದ ಬಯೋಗ್ಯಾಸ್ ಮಾಡಲು ಹೊರಟವರು ಕೇಳುತ್ತಾರೆ. ಬ್ಲಾಸ್ಟ್ ಫರ್ನೆಸ್ ಗ್ಯಾಸ್ ಲೈನ್ ನೋಡಿಕೊಳ್ಳುವ ಹುಡುಗರೂ ಕೇಳುತ್ತಾರೆ.

ಬಹಳ ಸಲ ಎರಡೂ ಬೇಕಾಗುತ್ತವೆ, ಅದೂ ಒಂದೇ ಲೈನಿನಲ್ಲಿ. ಒಣಗಿದ ಸಿಓ2 ಎಂಎಸ್ ಪೈಪಿಗೆ ಏನೂ ಮಾಡುವುದಿಲ್ಲ, ವರ್ಷಗಟ್ಟಲೆ ಓಡುತ್ತದೆ. ಅದೇ ಅನಿಲಕ್ಕೆ ನೀರು ಸೇರಿದರೆ ಕಾರ್ಬಾನಿಕ್ ಆಮ್ಲ ಆಗುತ್ತದೆ. ನಾವು ಕುಡಿಯುವ ಸೋಡಾದಲ್ಲಿ ಇರುವುದೂ ಅದೇ ಆಮ್ಲ. ಹೆಸರಿಗೆ ದುರ್ಬಲ ಆಮ್ಲ, ಆದರೆ ಕಬ್ಬಿಣಕ್ಕೆ ದುರ್ಬಲ ಅಲ್ಲ. ಶುದ್ಧ ನೀರಿನ ಮೇಲೆ 1 ಬಾರ್ ಒತ್ತಡದ ಸಿಓ2 ನಿಂತರೆ ಆ ನೀರಿನ ಪಿಎಚ್ ಸುಮಾರು 3.9ಕ್ಕೆ ಇಳಿಯುತ್ತದೆ. ಅದಕ್ಕೇ ಪೈಪಿನ ಕ್ಯಾಟಲಾಗ್ ತೆಗೆಯುವ ಮೊದಲು ನಿಮ್ಮ ಲೈನಿನಲ್ಲಿ ನೀರು ಎಲ್ಲಿ ಬೀಳುತ್ತದೆ ಎಂದು ಕಂಡುಕೊಳ್ಳಿ. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹಂತ 1: ಮಾಹಿತಿ ಬರೆದುಕೊಳ್ಳಿ

ಲೈನಿನ ಒಂದು ಸರಳ ಚಿತ್ರ ಬಿಡಿಸಿ. ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ನಡುವೆ ಬ್ಲೋವರ್, ಕಂಪ್ರೆಸರ್, ಕೂಲರ್, ಡ್ರೈಯರ್ ಎಲ್ಲಿವೆ ಎಂದು ಗುರುತಿಸಿ. ಒಂದೊಂದು ತುಂಡಿಗೂ ಒತ್ತಡ, ತಾಪಮಾನ, ಸಿಓ2 ಶೇಕಡಾವಾರು ಬರೆಯಿರಿ. ಜೊತೆಗೆ ಬರುವ ಬೇರೆ ಅನಿಲಗಳನ್ನೂ ಬರೆಯಿರಿ. ತಾಪಮಾನಕ್ಕೆ ಒಂದು ಅಂಕಿ ಸಾಲದು, ಎರಡು ಬೇಕು: ಬೇಸಿಗೆ ಮಧ್ಯಾಹ್ನದ್ದು, ಚಳಿಗಾಲದ ಬೆಳಗಿನ ಜಾವದ್ದು. ನಮ್ಮ ಕಡೆ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಡಿಸೈನ್ ಮಾಡುವವರು ಬೇಸಿಗೆಯನ್ನು ಮರೆಯುವುದಿಲ್ಲ. ಮರೆಯುವುದು ಆ ಬೆಳಗಿನ ಜಾವವನ್ನು. ಲೈನಿನಲ್ಲಿ ನೀರು ಜಾಸ್ತಿ ಇಳಿಯುವುದು ಆಗಲೇ.

ಹಂತ 2: ಒದ್ದೆ ಎಲ್ಲಿ, ಒಣ ಎಲ್ಲಿ ಎಂದು ಗೆರೆ ಎಳೆಯಿರಿ

ಇಲ್ಲಿ ಡ್ಯೂ ಪಾಯಿಂಟ್ ಎಂಬ ಮಾತು ಬರುತ್ತದೆ. ಅನಿಲವನ್ನು ತಣ್ಣಗೆ ಮಾಡುತ್ತಾ ಹೋದರೆ ಒಂದು ತಾಪಮಾನದಲ್ಲಿ ಅದರೊಳಗಿನ ಆವಿ ಹನಿಯಾಗಲು ಶುರುವಾಗುತ್ತದೆ. ಅದೇ ಡ್ಯೂ ಪಾಯಿಂಟ್. ಪೈಪಿನ ಒಳಗೋಡೆ ಅದಕ್ಕಿಂತ ತಣ್ಣಗಿದ್ದರೆ ಗೋಡೆಯ ಮೇಲೆ ನೀರು ಕೂರುತ್ತದೆ. ಅನಿಲ ಬಿಸಿಯಾಗಿದ್ದರೂ ಗೋಡೆ ತಣ್ಣಗಿದ್ದರೆ ಸಾಕು, ನೀರು ಇಳಿಯುತ್ತದೆ. ಇದನ್ನು ನೆನಪಿಡಿ.

ಡಿಸ್ಟಿಲರಿಯನ್ನೇ ತೆಗೆದುಕೊಳ್ಳೋಣ. ಫರ್ಮೆಂಟರ್‌ನಿಂದ (ಹುದುಗು ಬರಿಸುವ ಟ್ಯಾಂಕಿನಿಂದ) ಹೊರಡುವ ಸಿಓ2 ಸುಮಾರು 32ರಿಂದ 35 ಡಿಗ್ರಿ ಇರುತ್ತದೆ, ನೀರಾವಿಯಿಂದ ತುಂಬಿರುತ್ತದೆ. 35 ಡಿಗ್ರಿಯಲ್ಲಿ ಒಂದು ಘನ ಮೀಟರ್ ಅನಿಲ ಸುಮಾರು 40 ಗ್ರಾಂ ನೀರಾವಿ ಹಿಡಿಯುತ್ತದೆ. 20 ಡಿಗ್ರಿಯಲ್ಲಿ 17 ಗ್ರಾಂ ಮಾತ್ರ. ಹಾಗಾದರೆ ಗಂಟೆಗೆ 500 ಘನ ಮೀಟರ್ ಹರಿಯುವ ಲೈನು ಚಳಿಗಾಲದ ರಾತ್ರಿ 20 ಡಿಗ್ರಿಗೆ ತಣಿದರೆ ಗಂಟೆಗೆ ಸುಮಾರು 11 ಲೀಟರ್ ಆಮ್ಲದ ನೀರು ಪೈಪಿನೊಳಗೇ ಹುಟ್ಟುತ್ತದೆ. ಇದು ಮೇಲಿನಿಂದ ಸೋರಿದ ನೀರಲ್ಲ, ಯಾರೂ ಬಿಟ್ಟಿದ್ದೂ ಅಲ್ಲ. ಆದ್ದರಿಂದ ಫರ್ಮೆಂಟರ್‌ನಿಂದ ಕಂಪ್ರೆಸರ್‌ವರೆಗಿನ ಇಡೀ ಲೈನನ್ನು ಒದ್ದೆ ಎಂದೇ ಗುರುತು ಹಾಕಿ.

ಕಂಪ್ರೆಸರ್ ಆದ ಮೇಲೆ ಕತೆ ಬದಲಾಗುತ್ತದೆ. ಅನಿಲವನ್ನು ಒತ್ತಿದರೆ ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ನೀರು ಆವಿಯಾಗಿಯೇ ಇರುತ್ತದೆ. ಹಾಗಾಗಿ ಡಿಸ್ಚಾರ್ಜ್‌ನಿಂದ, ಅಂದರೆ ಕಂಪ್ರೆಸರ್‌ನ ಹೊರಬಾಯಿಯಿಂದ, ಕೂಲರ್‌ವರೆಗಿನ ತುಂಡು ಓಡುವಾಗ ಒಣಗಿರುತ್ತದೆ. ಕೂಲರ್ ಒಳಗೆ ಹೋದ ಕೂಡಲೇ ನೀರು ಸುರಿಯುತ್ತದೆ. 35 ಡಿಗ್ರಿಯಲ್ಲಿ ತೇವ ತುಂಬಿದ ಅನಿಲವನ್ನು 1 ಬಾರ್‌ನಿಂದ 5 ಬಾರ್‌ಗೆ ಒತ್ತಿ 40 ಡಿಗ್ರಿಗೆ ತಣಿಸಿದರೆ ಅದರ ನೀರಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಅಲ್ಲೇ ಬೀಳುತ್ತದೆ. ಈಗ ಒತ್ತಡವೂ ಹೆಚ್ಚು, ನೀರೂ ಹೆಚ್ಚು. ಇಡೀ ಪ್ಲಾಂಟಿನಲ್ಲಿ ಪೈಪು ತಿನ್ನುವ ಜಾಗ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಮೂರು ಕಡೆ: ಕೂಲರ್ ಔಟ್‌ಲೆಟ್, ಅದರ ಮುಂದಿನ ನಾಕ್‌ಔಟ್ ಡ್ರಮ್, ಡ್ರಮ್ಮಿನ ಕೆಳಗಿನ ಸಣ್ಣ ಡ್ರೇನ್ ಪೈಪು. ನಾಕ್‌ಔಟ್ ಡ್ರಮ್ ಎಂದರೆ ಅನಿಲದಿಂದ ನೀರನ್ನು ಬೇರೆ ಮಾಡುವ ಪಾತ್ರೆ. ದೊಡ್ಡ ಲೈನಿಗೆ ಒಳ್ಳೆಯ ಪೈಪು ಹಾಕಿ, ಸುಮ್ನೆ ಡ್ರೇನ್ ತಾನೇ ಅಂತ ಒಂದು ಇಂಚಿನ ಎಂಎಸ್ ತುಂಡು ಹಾಕುವುದು ತುಂಬಾ ಕಡೆ ನಡೆಯುವ ತಪ್ಪು. ಮೊದಲು ತೂತಾಗುವುದು ಆ ತುಂಡೇ.

ಡ್ರೈಯರ್ ದಾಟಿದ ಮೇಲೆ ಅನಿಲ ನಿಜವಾಗಿಯೂ ಒಣಗಿರುತ್ತದೆ. ಅಲ್ಲಿಂದ ಮುಂದೆ ತುಕ್ಕಿನ ಚಿಂತೆ ಹೆಚ್ಚಿಲ್ಲ. ಆದರೆ ಡ್ರೈಯರ್ ಕೈಕೊಟ್ಟರೆ ಏನಾಗುತ್ತದೆ ಎಂದೂ ಯೋಚಿಸಿ. ಅಲ್ಲಿ ಒಂದು ಡ್ಯೂ ಪಾಯಿಂಟ್ ಮೀಟರ್ ಇಟ್ಟು, ಡ್ರೈಯರ್ ಕೆಟ್ಟಾಗ ಲೈನ್ ನಿಲ್ಲಿಸುವ ವ್ಯವಸ್ಥೆ ಇದ್ದರೆ ಮುಂದಿನ ಭಾಗಕ್ಕೆ ಎಂಎಸ್ ಧೈರ್ಯವಾಗಿ ಹಾಕಬಹುದು.

ಎಚ್ಚರಿಕೆ: ಓಡುವಾಗ ಒಣಗಿರುವ ಬಿಸಿ ಲೈನು ಶಟ್‌ಡೌನ್ ಆದಾಗ ತಣ್ಣಗಾಗುತ್ತದೆ. ಒಳಗಿದ್ದ ಆವಿ ನೀರಾಗಿ ತಗ್ಗಿನ ಜಾಗದಲ್ಲಿ ನಿಲ್ಲುತ್ತದೆ. ವಾರಗಟ್ಟಲೆ ನಿಲ್ಲಿಸುವ ಪ್ಲಾಂಟ್ ಆದರೆ ನಿಲ್ಲಿಸಿದ ದಿನವೇ ನೀರು ಬಸಿದು, ಒಣ ಗಾಳಿ ಅಥವಾ ನೈಟ್ರೋಜನ್ ಹಾಯಿಸಿ. ಹೀಗೆ ಮಾಡುವ ಶಿಸ್ತು ನಿಮ್ಮಲ್ಲಿ ಇಲ್ಲದಿದ್ದರೆ ಆ ತುಂಡನ್ನೂ ಒದ್ದೆಯ ಲೆಕ್ಕಕ್ಕೇ ಸೇರಿಸಿ.

ಹಂತ 3: ಸಿಓ2 ಪಾಲಿನ ಒತ್ತಡ ಲೆಕ್ಕ ಹಾಕಿ

ಇದಕ್ಕೆ ಪಾರ್ಷಿಯಲ್ ಪ್ರೆಶರ್ ಎನ್ನುತ್ತಾರೆ. ಲೆಕ್ಕ ಸುಲಭ. ಒಟ್ಟು ಒತ್ತಡವನ್ನು ಸಿಓ2 ಇರುವ ಪಾಲಿನಿಂದ ಗುಣಿಸಿ. ಗೇಜ್ ತೋರಿಸುವ ಒತ್ತಡಕ್ಕೆ 1 ಬಾರ್ ಕೂಡಿಸಿದ ಮೇಲೆ ಗುಣಿಸಬೇಕು, ಅದನ್ನು ಮರೆಯಬೇಡಿ.

ಫರ್ಮೆಂಟರ್ ಗ್ಯಾಸ್ ಬಹುಪಾಲು ಸಿಓ2ನೇ. ಒಟ್ಟು 1.1 ಬಾರ್ ಇದ್ದರೆ ಅದರ ಪಾಲು 1 ಬಾರ್ ದಾಟುತ್ತದೆ. ಶೇ. 40 ಸಿಓ2 ಇರುವ ಬಯೋಗ್ಯಾಸ್‌ನಲ್ಲಿ ಸುಮಾರು 0.4 ಬಾರ್. ಬ್ಲಾಸ್ಟ್ ಫರ್ನೆಸ್ ಗ್ಯಾಸ್‌ನಲ್ಲಿ ಶೇ. 20ರಷ್ಟು ಸಿಓ2 ಇದ್ದು ಒಟ್ಟು ಒತ್ತಡ 1.1 ಬಾರ್ ಆದರೆ 0.2 ಬಾರ್ ಚಿಲ್ಲರೆ. ಫರ್ಮೆಂಟರ್ ಗ್ಯಾಸ್‌ಗೆ ಕಂಪ್ರೆಸರ್‌ನ ಕೊನೆಯ ಹಂತದಲ್ಲಿ ಅದೇ ಪಾಲು 20 ಬಾರ್ ಆಗಬಹುದು.

ತೈಲ ಉದ್ಯಮದವರ ಹಳೆಯ ಅಳತೆಗೋಲು ಒಂದಿದೆ. ನೀರು ಇದೆ ಎಂದಿಟ್ಟುಕೊಂಡರೆ, ಸಿಓ2 ಪಾಲು 0.5 ಬಾರ್‌ಗಿಂತ ಕಡಿಮೆ ಇದ್ದಾಗ ಎಂಎಸ್‌ಗೆ ಅಪಾಯ ಕಡಿಮೆ. 0.5ರಿಂದ 2 ಬಾರ್ ನಡುವೆ ಇದ್ದರೆ ತುಕ್ಕು ಬರಬಹುದು. 2 ಬಾರ್ ದಾಟಿದರೆ ಬಂದೇ ಬರುತ್ತದೆ. ಇದು ಮೊದಲ ಅಂದಾಜಿಗೆ ಮಾತ್ರ. 0.2 ಬಾರ್ ಇರುವ ಲೈನಿಗೂ ಆಮ್ಲಜನಕ ಸೇರಿದರೆ ಪೈಪು ತೂತಾಗುತ್ತದೆ.

ಇನ್ನೂ ಸ್ಪಷ್ಟ ಅಂಕಿ ಬೇಕಾದರೆ ಡಿ ವಾರ್ಡ್-ಮಿಲಿಯಮ್ಸ್ ಸೂತ್ರ ಬಳಸುತ್ತಾರೆ. ಸಿಓ2 ಪಾಲು 1 ಬಾರ್, ತಾಪಮಾನ 40 ಡಿಗ್ರಿ ಎಂದು ಹಾಕಿದರೆ ಕಾರ್ಬನ್ ಸ್ಟೀಲ್ ವರ್ಷಕ್ಕೆ ಸುಮಾರು 2 ಮಿ.ಮೀ. ಸವೆಯುತ್ತದೆ ಎನ್ನುತ್ತದೆ. 60 ಡಿಗ್ರಿಗೆ 4.5 ಮಿ.ಮೀ. ಹತ್ತಿರ ಹೋಗುತ್ತದೆ. 20 ಬಾರ್‌ಗೆ ಹಾಕಿದರೆ 40 ಡಿಗ್ರಿಯಲ್ಲೇ 10 ಮಿ.ಮೀ. ದಾಟುತ್ತದೆ. ಈ ಸೂತ್ರ ಕೆಟ್ಟದ್ದರಲ್ಲಿ ಕೆಟ್ಟದ್ದನ್ನು ಹೇಳುತ್ತದೆ, ನಿಜವಾದ ಸವೆತ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಆದರೂ ನೂರು ಎನ್‌ಬಿ (ಪೈಪಿನ ಅಳತೆ, ಸುಮಾರು ನಾಲ್ಕು ಇಂಚು), ಶೆಡ್ಯೂಲ್ 40 (ಗೋಡೆ ದಪ್ಪದ ದರ್ಜೆ) ಪೈಪಿನ ಗೋಡೆ ಇರುವುದೇ 6 ಮಿ.ಮೀ. ಅದನ್ನು ಪಕ್ಕದಲ್ಲಿಟ್ಟು ನೋಡಿ.

ಸುಮಾರು 60ರಿಂದ 80 ಡಿಗ್ರಿ ದಾಟಿದ ಮೇಲೆ ಪೈಪಿನ ಒಳಗೆ ಐರನ್ ಕಾರ್ಬೊನೇಟ್ ಪದರ ಗಟ್ಟಿಯಾಗಿ ಕೂತು ತುಕ್ಕನ್ನು ತಡೆಯಬಹುದು. ಇದನ್ನು ನಂಬಿ ಎಂಎಸ್ ಹಾಕಬೇಡಿ. ಬೆಂಡಿನಲ್ಲಿ, ಕಂಟ್ರೋಲ್ ವಾಲ್ವಿನ ಮುಂದೆ ಹರಿವಿನ ರಭಸಕ್ಕೆ ಆ ಪದರ ತುಂಡು ತುಂಡಾಗಿ ಕಿತ್ತುಬರುತ್ತದೆ. ಕಿತ್ತ ಕಡೆ ಮಾತ್ರ ಲೋಹ ಆಳವಾಗಿ ಕೊರೆದುಹೋಗುತ್ತದೆ. ಪಕ್ಕದ ಜಾಗ ಹೊಸದರಂತೆ ಕಾಣುತ್ತದೆ, ಅದೇ ಮೋಸ.

ದಪ್ಪ ಪೈಪು ಹಾಕಿದರೆ ಆಯ್ತಲ್ಲ ಎನ್ನುವವರಿಗೆ ಒಂದು ಲೆಕ್ಕ. ತುಕ್ಕಿಗೆಂದು ಬಿಡುವ ಹೆಚ್ಚುವರಿ ದಪ್ಪಕ್ಕೆ ಕರೋಷನ್ ಅಲೋವೆನ್ಸ್ ಎನ್ನುತ್ತಾರೆ, ರೂಢಿಯಲ್ಲಿ 3 ಮಿ.ಮೀ. ವರ್ಷಕ್ಕೆ 0.1 ಮಿ.ಮೀ. ಸವೆದರೆ 20 ವರ್ಷಕ್ಕೆ 2 ಮಿ.ಮೀ., ಎಂಎಸ್ ಸರಿಹೋಗುತ್ತದೆ. ವರ್ಷಕ್ಕೆ 2 ಮಿ.ಮೀ. ಸವೆದರೆ ಆ 3 ಮಿ.ಮೀ. ಒಂದೂವರೆ ವರ್ಷಕ್ಕೆ ಖಾಲಿ.

ಹಂತ 4: ಸಿಓ2 ಜೊತೆ ಬರುವವರನ್ನು ಗಮನಿಸಿ

ಪೈಪಿನ ಆಯ್ಕೆಯನ್ನು ತಲೆಕೆಳಗು ಮಾಡುವುದು ಎಷ್ಟೋ ಸಲ ಇವೇ.

ಆಮ್ಲಜನಕ: ಕಂಪ್ರೆಸರ್ ಸಕ್ಷನ್‌ನಲ್ಲಿ (ಅನಿಲ ಎಳೆದುಕೊಳ್ಳುವ ಬದಿಯಲ್ಲಿ) ಸಣ್ಣ ಸಂದಿಯಿಂದ ಗಾಳಿ ಒಳಬಂದರೆ ಎಂಎಸ್‌ನ ಸವೆತ ಏಕಾಏಕಿ ಹೆಚ್ಚುತ್ತದೆ. ಎಸ್ಎಸ್‌ಗೆ ಆಮ್ಲಜನಕ ಒಂದೇ ಆದರೆ ತೊಂದರೆ ಇಲ್ಲ, ಕ್ಲೋರೈಡ್ (ಸವಳು ನೀರಿನ ಉಪ್ಪಿನಂಶ) ಜೊತೆ ಸೇರಿದರೆ ತೊಂದರೆ.

ಹೈಡ್ರೋಜನ್ ಸಲ್ಫೈಡ್: ಬಯೋಗ್ಯಾಸ್‌ನ ಕೊಳೆತ ಮೊಟ್ಟೆಯ ವಾಸನೆ ಇದರದ್ದೇ. ಇದು ಗಟ್ಟಿ ಸ್ಟೀಲನ್ನು ಬಿರುಕು ಬಿಡಿಸುತ್ತದೆ. ಇದರ ಪಾಲಿನ ಒತ್ತಡ 0.3 ಕಿಲೋಪಾಸ್ಕಲ್ ದಾಟಿದರೆ ತೈಲ-ಅನಿಲ ಉದ್ಯಮದ ಐಎಸ್ಓ 15156 ಮಾನದಂಡದ ಎಚ್ಚರಿಕೆಗಳು ಶುರುವಾಗುತ್ತವೆ. ಬಯೋಗ್ಯಾಸನ್ನು ಒತ್ತುವ ಮೊದಲು ಇದನ್ನು ತೆಗೆಯುವುದೇ ಲೇಸು. ತೆಗೆಯುವ ಘಟಕದವರೆಗಿನ ಲೈನಿಗೆ ನಾನಾದರೆ 316ಎಲ್ (304ಎಲ್‌ನಂತೆ ಎಸ್ಎಸ್‌ನ ಒಂದು ದರ್ಜೆ) ಅಥವಾ ಎಚ್‌ಡಿಪಿಇ (ಒಂದು ಬಗೆಯ ಪ್ಲಾಸ್ಟಿಕ್ ಪೈಪು) ಬಿಟ್ಟು ಬೇರೆ ಹಾಕುವುದಿಲ್ಲ.

ಗಂಧಕದ ಹೊಗೆ: ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ಸಿಓ2 ತೆಗೆಯುವ ಯೋಚನೆ ಇದ್ದರೆ ಸಲ್ಫರ್ ಡೈಆಕ್ಸೈಡ್ ಜೊತೆಗೇ ಬರುತ್ತದೆ. ತೊಟ್ಟಿಕ್ಕುವ ನೀರಿನಲ್ಲಿ ಆಗ ಗಂಧಕದ ಆಮ್ಲಗಳು ಇರುತ್ತವೆ. ಅಲ್ಲಿ 304ಎಲ್ ಸಾಲುವುದಿಲ್ಲ. ಎಫ್ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಅಥವಾ ಇನ್ನೂ ಮೇಲಿನ ಮಿಶ್ರಲೋಹ ನೋಡಬೇಕಾಗುತ್ತದೆ. ಆ ಕೆಲಸಕ್ಕೆ ಕರೋಷನ್ ತಜ್ಞರನ್ನು ಕೂರಿಸಿಕೊಂಡೇ ತೀರ್ಮಾನ ಮಾಡಿ.

ಕ್ಲೋರೈಡ್: ನಮ್ಮ ಮೂರು ಜಿಲ್ಲೆಗೆ ಇದು ದೊಡ್ಡ ವಿಷಯ. ಕಾಲುವೆ ಓಡುವಾಗ ತುಂಗಭದ್ರೆಯ ನೀರು ಸಿಗುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಬೋರ್‌ವೆಲ್ಲೇ ಗತಿ. ಎರೆ ಭೂಮಿಯ ಎಷ್ಟೋ ಬೋರ್‌ವೆಲ್ ನೀರು ಸವಳು. ಆ ನೀರನ್ನೇ ಸ್ಕ್ರಬ್ಬರ್‌ಗೆ (ಅನಿಲವನ್ನು ನೀರಿನಿಂದ ತೊಳೆಯುವ ಘಟಕಕ್ಕೆ), ಕೂಲಿಂಗ್ ಟವರ್‌ಗೆ ಹಾಕುತ್ತಾರೆ. ಟವರ್‌ನಲ್ಲಿ ನೀರು ಆವಿಯಾದಂತೆ ಕ್ಲೋರೈಡ್ ನಾಲ್ಕೈದು ಪಟ್ಟು ಗಟ್ಟಿಯಾಗುತ್ತದೆ. ಸಾಮಾನ್ಯ ತಾಪಮಾನದ ನೀರಿಗೆ ಬಳಕೆಯಲ್ಲಿರುವ ಮಿತಿ ಹೀಗಿದೆ: 304ಕ್ಕೆ ಲೀಟರಿಗೆ 200 ಮಿ.ಗ್ರಾಂ., 316ಕ್ಕೆ 1000 ಮಿ.ಗ್ರಾಂ. ಬಿಸಿಯಾದಂತೆ ಈ ಮಿತಿ ತುಂಬಾ ಇಳಿಯುತ್ತದೆ. 60 ಡಿಗ್ರಿ ದಾಟಿದರೆ ಕ್ಲೋರೈಡ್‌ನಿಂದ ಎಸ್ಎಸ್ ಬಿರುಕು ಬಿಡುವ ಅಪಾಯ ಇದೆ. ಇದಕ್ಕೆ ಸ್ಟ್ರೆಸ್ ಕರೋಷನ್ ಕ್ರ್ಯಾಕಿಂಗ್ ಎಂದು ಹೆಸರು. ಕಂಪ್ರೆಸರ್ ಕೂಲರ್‌ನ ಟ್ಯೂಬಿಗೆ ಇದೇ ಕಂಟಕ. ಒಳಗೆ ಬಿಸಿ ಸಿಓ2, ಹೊರಗೆ ಸವಳು ನೀರು. ಒಳಗಿನ ಸಿಓ2ಗೆಂದು ಎಸ್ಎಸ್ ಹಾಕಿರುತ್ತಾರೆ, ಹಾಳಾಗುವುದು ಹೊರಗಿನ ನೀರಿನಿಂದ. ನೀರಿನ ರಿಪೋರ್ಟನ್ನು ಮೇ ತಿಂಗಳಲ್ಲಿ ತೆಗೆಸಿ. ಮಳೆಗಾಲದ ರಿಪೋರ್ಟ್ ನೋಡಿ ಟ್ಯೂಬ್ ಆರಿಸಬೇಡಿ.

ಹಂತ 5: ಈಗ ಪೈಪು ಆರಿಸಿ

ಎಂಎಸ್, ಅಂದರೆ ಕಾರ್ಬನ್ ಸ್ಟೀಲ್. ಡ್ರೈಯರ್ ನಂತರದ ಲೈನಿಗೆ ಹಾಕಿ. ಸದಾ ಬಿಸಿಯಾಗಿರುವ, ನಿಲ್ಲಿಸಿದಾಗ ಸರಿಯಾಗಿ ಬಸಿಯುವ ತುಂಡಿಗೂ ನಡೆಯುತ್ತದೆ. ಒಂದು ವಿಷಯ ಮಾತ್ರ ತುಕ್ಕಿಗೆ ಸಂಬಂಧಿಸಿದ್ದಲ್ಲ, ಆದರೆ ಹೇಳದೆ ಬಿಡುವಂತಿಲ್ಲ. ದ್ರವ ಸಿಓ2 ಟ್ಯಾಂಕಿನಲ್ಲಿ ಸುಮಾರು ಮೈನಸ್ 20 ಡಿಗ್ರಿಯಲ್ಲಿ ಇರುತ್ತದೆ. ಅಲ್ಲಿ ಒತ್ತಡ ಒಮ್ಮೆಲೇ ಬಿದ್ದರೆ ಅದು ಡ್ರೈ ಐಸ್ ಆಗಿ ಮೈನಸ್ 78 ಡಿಗ್ರಿಗೆ ಹೋಗಬಹುದು. ಆ ಚಳಿಗೆ ಸಾಮಾನ್ಯ ಎಂಎಸ್ ಗಾಜಿನಂತೆ ಒಡೆಯುತ್ತದೆ. ದ್ರವ ಲೈನಿಗೆ ಎಸ್ಎಸ್ ಅಥವಾ ಚಳಿ ತಡೆಯುವ ವಿಶೇಷ ಕಾರ್ಬನ್ ಸ್ಟೀಲೇ ಬೇಕು.

ಜಿಐ ಪೈಪು ಬೇಡ. ಮೇಲಿನ ಸತುವಿನ ಲೇಪ ಕಾರ್ಬಾನಿಕ್ ಆಮ್ಲಕ್ಕೆ ಕರಗಿಹೋಗುತ್ತದೆ, ಆಮೇಲೆ ಉಳಿಯುವುದು ಅದೇ ಎಂಎಸ್. ತಾಮ್ರ, ಹಿತ್ತಾಳೆ ಫಿಟ್ಟಿಂಗೂ ಒದ್ದೆ ಸಿಓ2ಗೆ ಬೇಡ. ಸೋಡಾ, ತಂಪು ಪಾನೀಯದ ಲೈನಿನಲ್ಲಂತೂ ಕರಗಿದ ತಾಮ್ರ ಕುಡಿಯುವವರ ಹೊಟ್ಟೆ ಸೇರುತ್ತದೆ.

ಎಸ್ಎಸ್ 304ಎಲ್. ಶುದ್ಧ ಒದ್ದೆ ಸಿಓ2ಗೆ ಇದು ಸಾಕು. ಹೆಚ್ಚಿನ ಡಿಸ್ಟಿಲರಿಗಳ ಅನಿಲ ಲೈನಿಗೆ ನನ್ನ ಮೊದಲ ಸಲಹೆ ಇದೇ. ಕೊನೆಯ "ಎಲ್" ಅಕ್ಷರ ಬಿಡಬೇಡಿ. ಕಾರ್ಬನ್ ಶೇ. 0.03 ಮೀರುವುದಿಲ್ಲ ಎಂಬುದರ ಗುರುತು ಅದು. ಕಾರ್ಬನ್ ಕಡಿಮೆ ಇದ್ದರೆ ವೆಲ್ಡ್ ಪಕ್ಕದ ಜಾಗ ತುಕ್ಕಿಗೆ ಬಲಿಯಾಗುವುದಿಲ್ಲ. ಎಂಎಸ್‌ಗಿಂತ ಬೆಲೆ ಜಾಸ್ತಿ, ನಿಜ. ಆದರೆ ಇಲ್ಲಿ ಕರೋಷನ್ ಅಲೋವೆನ್ಸ್ ಬೇಕಿಲ್ಲದ ಕಾರಣ ತೆಳು ಪೈಪು ಸಾಕು. ನೂರು ಎನ್‌ಬಿಗೆ ಶೆಡ್ಯೂಲ್ 10ಎಸ್ ಎಂದರೆ ಗೋಡೆ 3 ಮಿ.ಮೀ. ಮಾತ್ರ, ಎಂಎಸ್ ಶೆಡ್ಯೂಲ್ 40ರ ಅರ್ಧ. ಕೊಟೇಶನ್ ಹೋಲಿಸುವಾಗ ಕಿಲೋ ಬೆಲೆ ನೋಡಬೇಡಿ, ಮೀಟರ್ ಬೆಲೆ ನೋಡಿ. ಒತ್ತಡಕ್ಕೆ ಆ ದಪ್ಪ ಸಾಕೇ ಎಂದು ಎಎಸ್ಎಂಇ ಬಿ31.3 ಪೈಪಿಂಗ್ ಮಾನದಂಡದ ಪ್ರಕಾರ ಲೆಕ್ಕ ಮಾಡಿಸಿ.

ಎಸ್ಎಸ್ 316ಎಲ್. ಇದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇದೆ, ಅದಕ್ಕೇ ಕ್ಲೋರೈಡ್ ತಡೆಯುವ ಶಕ್ತಿ ಜಾಸ್ತಿ. ಸ್ಕ್ರಬ್ಬರ್‌ನಿಂದ ಸವಳು ನೀರು ಹಾರಿಬರುವ ಲೈನು, ನಾಕ್‌ಔಟ್ ಡ್ರಮ್ ಮತ್ತು ಡ್ರೇನು, ಬಯೋಗ್ಯಾಸ್ ಲೈನು ಇವಕ್ಕೆ 316ಎಲ್ ಹಾಕಿ. ಇಡೀ ಪ್ಲಾಂಟಿಗೆ 316ಎಲ್ ಬರೆದುಬಿಡುವುದು ಸೋಮಾರಿತನ. ಆ ಹಣದಲ್ಲಿ ಒಳ್ಳೆಯ ವೆಲ್ಡರ್, ಒಳ್ಳೆಯ ತಪಾಸಣೆ ಎರಡೂ ಸಿಗುತ್ತವೆ.

ಡ್ಯೂಪ್ಲೆಕ್ಸ್ 2205. ಬಿಸಿ ಮತ್ತು ಸವಳು ಎರಡೂ ಸೇರುವ ಕಡೆ, ಮುಖ್ಯವಾಗಿ ಕೂಲರ್ ಟ್ಯೂಬಿಗೆ, ಇದು ಯೋಗ್ಯ. 304, 316ರಂತೆ ಸುಲಭವಾಗಿ ಬಿರುಕು ಬಿಡುವುದಿಲ್ಲ. ವೆಲ್ಡಿಂಗ್‌ಗೆ ಶಾಖದ ಹಿಡಿತ ಬೇಕು, ಅದು ಗೊತ್ತಿರುವ ವೆಲ್ಡರ್ ಇದ್ದರೆ ಮಾತ್ರ ಕೈಹಾಕಿ.

ಎಚ್‌ಡಿಪಿಇ. ಕಡಿಮೆ ಒತ್ತಡದ, ತಣ್ಣಗಿನ, ನೆಲದಡಿ ಹೋಗುವ ಲೈನಿಗೆ ಬಹಳ ಚೆನ್ನಾಗಿದೆ. ತುಕ್ಕಿನ ಮಾತೇ ಇಲ್ಲ. ನೆಲದ ಮೇಲೆ ಹಾಕಿದಾಗ ನಮ್ಮ ಬಿಸಿಲೇ ಶತ್ರು. ಕಪ್ಪು ಪೈಪಿನ ಮೈ ಮೇ ತಿಂಗಳ ಮಧ್ಯಾಹ್ನ 60 ಡಿಗ್ರಿ ದಾಟಬಹುದು. ಪೈಪಿನ ಮೇಲೆ ಅಚ್ಚಾಗಿರುವ ಒತ್ತಡ ಸಾಧಾರಣ ತಾಪಮಾನಕ್ಕೆ ಲೆಕ್ಕ ಹಾಕಿದ್ದು, ಬಿಸಿಯಲ್ಲಿ ಅಷ್ಟು ತಡೆಯುವುದಿಲ್ಲ. ತಯಾರಕರಿಂದ ಬಿಸಿಗೆ ತಕ್ಕ ಇಳಿಕೆಯ ಪಟ್ಟಿ ಕೇಳಿ ಪಡೆಯಿರಿ. ಹಿಗ್ಗುವುದೂ ಜಾಸ್ತಿ. ಹತ್ತು ಮೀಟರ್ ಪೈಪು 50 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 9 ಸೆಂ.ಮೀ. ಉದ್ದವಾಗುತ್ತದೆ. ಗಟ್ಟಿಯಾಗಿ ಕ್ಲ್ಯಾಂಪ್ ಮಾಡಿದರೆ ಹಾವಿನಂತೆ ಬಳುಕಿ, ಬಳುಕಿದ ತಗ್ಗಿನಲ್ಲಿ ನೀರು ನಿಂತು ಅನಿಲದ ದಾರಿಯನ್ನೇ ಮುಚ್ಚುತ್ತದೆ. ಬ್ಲೋವರ್ ಸಕ್ಷನ್‌ಗೆ ತೆಳು ಪೈಪು ಹಾಕಿದರೆ ನಿರ್ವಾತಕ್ಕೆ ಚಪ್ಪಟೆಯಾಗುವ ಅಪಾಯವೂ ಇದೆ.

ಪಿವಿಸಿ, ಸಿಪಿವಿಸಿ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಪ್ಲಂಬರ್‌ಗೂ ಗೊತ್ತು. ಆದರೂ ಒತ್ತಡದ ಅನಿಲಕ್ಕೆ ಇದನ್ನು ಹಾಕಲೇಬಾರದು. ನೀರು ತುಂಬಿದ ಪೈಪು ಒಡೆದರೆ ಸೋರುತ್ತದೆ ಅಷ್ಟೇ. ಅನಿಲ ತುಂಬಿದ ಪಿವಿಸಿ ಪೈಪು ಒಡೆದರೆ ಚೂರುಗಳು ಸಿಡಿಯುತ್ತವೆ, ಪಕ್ಕದಲ್ಲಿ ನಿಂತವರ ಕಣ್ಣು, ಕುತ್ತಿಗೆಗೆ ಬೀಳುತ್ತವೆ. ಒತ್ತಡವಿಲ್ಲದ ಡ್ರೇನ್ ನೀರಿಗೆ ಬೇಕಾದರೆ ಬಳಸಿ.

ಒಳಗೆ ಎಪಾಕ್ಸಿ ಬಳಿದ ಎಂಎಸ್ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಒಂದೇ ಪ್ರಶ್ನೆ ಕೇಳಿ: ಸೈಟಿನಲ್ಲಿ ವೆಲ್ಡ್ ಮಾಡಿದ ಜಾಯಿಂಟಿನ ಒಳಗೆ ಹೇಗೆ ಬಳಿಯುತ್ತೀರಿ? ಸರಿಯಾದ ಉತ್ತರ ಬರದಿದ್ದರೆ ಬಿಟ್ಟುಬಿಡಿ. ಲೇಪದಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ತುಕ್ಕೆಲ್ಲ ಅಲ್ಲೇ ಒಟ್ಟಾಗಿ ಕೊರೆಯುತ್ತದೆ.

ಗ್ಯಾಸ್ಕೆಟ್‌ಗೆ ಕಡಿಮೆ ಒತ್ತಡದಲ್ಲಿ ಇಪಿಡಿಎಂ ರಬ್ಬರ್ ಆಗುತ್ತದೆ. ಹೆಚ್ಚು ಒತ್ತಡಕ್ಕೆ ಪಿಟಿಎಫ್ಇ (ಟೆಫ್ಲಾನ್) ಅಥವಾ ಸ್ಪೈರಲ್ ವೂಂಡ್ (ಲೋಹದ ಪಟ್ಟಿ ಸುತ್ತಿದ) ಗ್ಯಾಸ್ಕೆಟ್ ಹಾಕಿ. ಹೆಚ್ಚು ಒತ್ತಡದ ಸಿಓ2 ರಬ್ಬರಿನೊಳಗೆ ಹೊಕ್ಕು ಕೂರುತ್ತದೆ, ಒತ್ತಡ ಥಟ್ಟನೆ ಬಿಟ್ಟಾಗ ಒಳಗಿನಿಂದಲೇ ರಬ್ಬರನ್ನು ಸೀಳುತ್ತದೆ. ವಿಟಾನ್ ರಬ್ಬರ್ ದುಬಾರಿ, ಹಾಗಾಗಿ ಒಳ್ಳೆಯದೇ ಇರಬೇಕು ಎಂದುಕೊಳ್ಳಬೇಡಿ. ಇಲ್ಲಿ ಅದೂ ಉಬ್ಬುತ್ತದೆ.

ಹಂತ 6: ಇಳಿಜಾರು, ಡ್ರೇನ್, ಜೋಡಣೆ

ಒಳ್ಳೆಯ ಪೈಪನ್ನೂ ನಿಂತ ನೀರು ಹಾಳುಮಾಡುತ್ತದೆ. ಒದ್ದೆ ಲೈನಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಡಿ. ಪ್ರತಿ ತಗ್ಗಿಗೂ ಡ್ರೇನ್ ಪಾಟ್ ಇಡಿ. ರೆಡ್ಯೂಸರ್ (ದೊಡ್ಡ ಪೈಪಿಗೆ ಸಣ್ಣದನ್ನು ಸೇರಿಸುವ ತುಂಡು) ಹಾಕುವಾಗ ಚಪ್ಪಟೆ ಬದಿ ಕೆಳಗಿರುವ ಎಕ್ಸೆಂಟ್ರಿಕ್ ಬಳಸಿ, ಇಲ್ಲದಿದ್ದರೆ ಅಲ್ಲೊಂದು ಸಣ್ಣ ಕೆರೆ ಆಗುತ್ತದೆ. ಬಳಕೆ ಇಲ್ಲದೆ ಮುಚ್ಚಿಟ್ಟ ಕವಲು ಪೈಪುಗಳನ್ನು ಕತ್ತರಿಸಿ ತೆಗೆಯಿರಿ. ಎಸ್ಎಸ್ ಮುಗಿದು ಎಂಎಸ್ ಶುರುವಾಗುವ ಜಾಯಿಂಟ್ ಒಣ ಭಾಗದಲ್ಲೇ ಬರಲಿ. ಒದ್ದೆಯಲ್ಲಿ ಎರಡು ಲೋಹ ಕೂಡಿದರೆ ಎಂಎಸ್ ಬದಿ ಬೇಗ ಸವೆಯುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಇನ್ಸುಲೇಟಿಂಗ್ ಫ್ಲ್ಯಾಂಜ್ ಕಿಟ್ ಹಾಕಿ.

ಎಚ್ಚರಿಕೆ, ಇದು ಜೀವದ ಪ್ರಶ್ನೆ: ಡ್ರೇನ್ ತೆರೆದಾಗ ನೀರಿನ ಹಿಂದೆ ಅನಿಲವೂ ಬರುತ್ತದೆ. ಸಿಓ2 ಗಾಳಿಗಿಂತ ಒಂದೂವರೆ ಪಟ್ಟು ಭಾರ. ಗುಂಡಿ, ಟ್ರೆಂಚ್, ನೆಲಮಾಳಿಗೆಯಲ್ಲಿ ಕೂರುತ್ತದೆ, ವಾಸನೆಯಿಂದ ಎಚ್ಚರಿಸುವುದಿಲ್ಲ. ಎಂಟು ಗಂಟೆಯ ಕೆಲಸಕ್ಕೆ ಒಪ್ಪಿರುವ ಮಿತಿ 5,000 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 5,000 ಪಾಲು. 40,000 ಪಿಪಿಎಂ ಮುಟ್ಟಿದರೆ ತಕ್ಷಣವೇ ಪ್ರಾಣಕ್ಕೆ ಅಪಾಯ. ಡ್ರೇನನ್ನು ಬಯಲಿಗೆ ಬಿಡಿ, ಮುಚ್ಚಿದ ಟ್ರೆಂಚಿಗೆ ಬಿಡಬೇಡಿ. ಮೀಟರ್ ಇಲ್ಲದೆ ಯಾರನ್ನೂ ಗುಂಡಿಗೆ ಇಳಿಸಬೇಡಿ. ಒಬ್ಬರು ಬಿದ್ದರೆಂದು ಎತ್ತಲು ಇನ್ನೊಬ್ಬರು ಹಾಗೇ ಇಳಿಯುವುದನ್ನು ಖಂಡಿತ ತಡೆಯಿರಿ. ಬ್ಲಾಸ್ಟ್ ಫರ್ನೆಸ್ ಗ್ಯಾಸ್ ಆದರೆ ಕಾರ್ಬನ್ ಮೊನಾಕ್ಸೈಡ್ ಕೂಡ ಇರುತ್ತದೆ. ಅಲ್ಲಿ ಅದರ ಮೀಟರ್ ಬೇರೆ ಬೇಕು.

ಹಂತ 7: ಕೊಳ್ಳುವಾಗ ಮೋಸ ಹೋಗಬೇಡಿ

ಬಜಾರಿನಲ್ಲಿ 304 ಎಂದು 200 ಸರಣಿಯ ಎಸ್ಎಸ್ ಮಾರುವುದು ಇದೆ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಹೊಳಪು ಒಂದೇ, ತೂಕವೂ ಒಂದೇ. ಆಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ, ಹಾಗಾಗಿ 304 ಎನ್ನುತ್ತಾರೆ. 202 ಕೂಡ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆ ಉಪಯೋಗಕ್ಕಿಲ್ಲ. ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದರ ಹೀಟ್ ನಂಬರ್ ಪೈಪಿನ ಮೇಲಿನ ನಂಬರಿಗೆ ಹೊಂದುತ್ತದಾ ನೋಡಿ. ಆಮೇಲೆ ಪಿಎಂಐ ಮಾಡಿಸಿ. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಗನ್ನಿಂದ ಲೋಹದಲ್ಲಿ ಏನೇನಿದೆ ಎಂದು ನಿಮಿಷದೊಳಗೆ ಹೇಳುವ ಪರೀಕ್ಷೆ ಅದು. ಉಪಕರಣ ನಿಮ್ಮಲ್ಲಿ ಇಲ್ಲದಿದ್ದರೆ ಪರೀಕ್ಷೆ ಮಾಡುವ ಏಜೆನ್ಸಿಯನ್ನು ಒಂದು ದಿನಕ್ಕೆ ಕರೆಸಿ. ಪೈಪು ಮಾತ್ರ ಸಾಲದು. ಎಲ್ಬೋ, ಫ್ಲ್ಯಾಂಜ್, ವೆಲ್ಡಿಂಗ್ ರಾಡ್ ಎಲ್ಲಕ್ಕೂ ಮಾಡಿಸಿ. ಗನ್ನು ಕಾರ್ಬನ್ ಅಳೆಯುವುದಿಲ್ಲ, ಹಾಗಾಗಿ "ಎಲ್" ಹೌದೋ ಅಲ್ಲವೋ ಎಂಬುದಕ್ಕೆ ಸರ್ಟಿಫಿಕೇಟೇ ಆಧಾರ.

ಹಂತ 8: ವೆಲ್ಡಿಂಗ್ ಮತ್ತು ಹೈಡ್ರೋಟೆಸ್ಟ್

304ಎಲ್‌ಗೆ 308ಎಲ್ ಫಿಲ್ಲರ್, 316ಎಲ್‌ಗೆ 316ಎಲ್ ಫಿಲ್ಲರ್. ಪೈಪಿನ ಒಳಗೆ ಆರ್ಗಾನ್ ತುಂಬಿಸಿ ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಒಳಗೆ ಕಪ್ಪಗೆ ಸಕ್ಕರೆ ಹರಳಿನಂತೆ ಉರಿದುಹೋಗುತ್ತದೆ. ವೆಲ್ಡ್ ಪಕ್ಕದ ನೀಲಿ-ಕಂದು ಕಲೆಯನ್ನು ಪಿಕ್ಲಿಂಗ್ ಪೇಸ್ಟ್‌ನಿಂದ ತೆಗೆದು ಚೆನ್ನಾಗಿ ತೊಳೆಸಿ. ಪೇಸ್ಟ್‌ನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ, ಕೈಗವಸು ಮತ್ತು ಮುಖದ ಶೀಲ್ಡ್ ಇಲ್ಲದೆ ಯಾರೂ ಮುಟ್ಟಬಾರದು.

ಎಂಎಸ್‌ಗೆ ಬಳಸಿದ ಗ್ರೈಂಡಿಂಗ್ ಚಕ್ರ, ವೈರ್ ಬ್ರಷ್ ಎಸ್ಎಸ್‌ಗೆ ಮುಟ್ಟಿಸಬೇಡಿ. ಸ್ಪಾಂಜ್ ಐರನ್ ಘಟಕದ ಪಕ್ಕದಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಅದರ ಪುಡಿ ಲೋಹದ ಕಬ್ಬಿಣವೇ. ಗಾಳಿಗೆ ಹಾರಿ ಬಂದು ಎಸ್ಎಸ್ ಮೇಲೆ ಕೂತು, ಮೊದಲ ಮಳೆಗೆ ತುಕ್ಕು ಹಿಡಿಯುತ್ತದೆ, ಅಡಿಯ ಪೈಪಿಗೂ ಕಲೆ ಮಾಡುತ್ತದೆ. ಪೈಪುಗಳನ್ನು ಮುಚ್ಚಿಡಿ, ಎರಡೂ ತುದಿಗೆ ಕ್ಯಾಪ್ ಹಾಕಿ.

ಹೈಡ್ರೋಟೆಸ್ಟ್ ಎಂದರೆ ನೀರು ತುಂಬಿ ಒತ್ತಡ ಹಾಕಿ ಸೋರಿಕೆ ನೋಡುವುದು. ಲಕ್ಷಗಟ್ಟಲೆ ಬೆಲೆಯ ಎಸ್ಎಸ್ ಲೈನು ಹಾಳಾಗುವುದು ಎಷ್ಟೋ ಸಲ ಇಲ್ಲೇ. ಕಂಟ್ರಾಕ್ಟರ್ ಹತ್ತಿರದ ಬೋರ್‌ವೆಲ್ಲಿನ ಸವಳು ನೀರು ತುಂಬುತ್ತಾರೆ. ಟೆಸ್ಟ್ ಪಾಸಾಗುತ್ತದೆ. ಪ್ಲಾಂಟ್ ಶುರುವಾಗಲು ಇನ್ನೂ ಎರಡು ತಿಂಗಳು ಇದೆ ಎಂದು ನೀರನ್ನು ಹಾಗೇ ಬಿಡುತ್ತಾರೆ. ಸಿಓ2 ಒಂದು ಹನಿ ಹರಿಯುವ ಮೊದಲೇ ವೆಲ್ಡ್ ಪಕ್ಕದಲ್ಲಿ ಸೂಜಿ ತೂತುಗಳು ಬೀಳುತ್ತವೆ. ಟೆಸ್ಟ್ ನೀರಿನ ಕ್ಲೋರೈಡ್ 50 ಪಿಪಿಎಂ ಮೀರಬಾರದು ಎಂದು ಕರಾರಿನಲ್ಲೇ ಬರೆಸಿ. ಬಾಯ್ಲರ್ ಇರುವ ಪ್ಲಾಂಟಿನಲ್ಲಿ ಡಿಎಂ ನೀರು (ಲವಣ ತೆಗೆದ ನೀರು) ಇದ್ದೇ ಇರುತ್ತದೆ, ಅದನ್ನೇ ಕೊಡಿ. ಟೆಸ್ಟ್ ಮುಗಿದ ಕೂಡಲೇ ಬಸಿದು, ಎಣ್ಣೆ ಇಲ್ಲದ ಗಾಳಿ ಹಾಯಿಸಿ ಒಣಗಿಸಿ.

ಹಂತ 9: ಮೊದಲ ದಿನದ ದಪ್ಪ ಅಳೆದಿಡಿ

ಲೈನ್ ಶುರು ಮಾಡುವ ಮೊದಲು ಅಲ್ಟ್ರಾಸಾನಿಕ್ ಮೀಟರಿನಿಂದ ಗೋಡೆಯ ದಪ್ಪ ಅಳೆದು ಬರೆದಿಡಿ. ಮೊದಲ ಅಂಕಿ ಇಲ್ಲದಿದ್ದರೆ ಎರಡನೆಯದಕ್ಕೆ ಅರ್ಥವೇ ಇಲ್ಲ. ಅಳೆಯುವ ಜಾಗ: ಪೈಪಿನ ತಳ, ಬೆಂಡಿನ ಹೊರ ಬದಿ, ಕಂಟ್ರೋಲ್ ವಾಲ್ವಿನ ಮುಂದಿನ ತುಂಡು, ಡ್ರೇನ್ ಪಾಟ್. ಬಯಲಲ್ಲಿ ಹೋಗುವ ಲೈನಿನಲ್ಲಿ ಪೈಪಿನ ನೆತ್ತಿಯನ್ನೂ ಅಳೆಯಿರಿ, ಚಳಿಗೆ ಹನಿ ಕೂರುವುದು ಅಲ್ಲೂ ಇದೆ. ಪ್ರತಿ ಜಾಗಕ್ಕೂ ಪೇಂಟಿನ ಗುರುತು ಮತ್ತು ನಂಬರ್ ಕೊಡಿ. ಮುಂದಿನ ಸಲ ಬೇರೆಯವರು ಬಂದರೂ ಅದೇ ಜಾಗ ಅಳೆಯಬೇಕು.

ಎಂಎಸ್ ಉಳಿಸಿಕೊಂಡ ಕಡೆ ಆರು ತಿಂಗಳಿಗೊಮ್ಮೆ ಅಳೆಯಿರಿ, ಸವೆತ ಕಡಿಮೆ ಎಂದು ಖಾತ್ರಿಯಾದ ಮೇಲೆ ವರ್ಷಕ್ಕೊಮ್ಮೆ ಸಾಕು. ಡ್ರೇನ್ ನೀರನ್ನು ತಿಂಗಳಿಗೊಮ್ಮೆ ಲ್ಯಾಬಿಗೆ ಕೊಟ್ಟು ಪಿಎಚ್, ಕಬ್ಬಿಣ, ಕ್ಲೋರೈಡ್ ನೋಡಿಸಿ. ಕಬ್ಬಿಣದ ಅಂಕಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಆ ಡ್ರೇನಿನ ಹಿಂದಿನ ಎಂಎಸ್ ತುಂಡಿನಲ್ಲಿ ಲೋಹ ಕರಗುತ್ತಿದೆ. ಮುಂದಿನ ಶಟ್‌ಡೌನಿಗೆ ಕಾಯದೆ ಆ ವಾರವೇ ದಪ್ಪ ಅಳೆಸಿ, ಬದಲಿಗೆ ಹಾಕುವ 304ಎಲ್ ತುಂಡಿಗೆ ಆರ್ಡರ್ ಕೊಡಿ.